ಗೋರಿ ಖಾಲಿ ಇತ್ತು, ಅತ್ತೆ

ಅತ್ತೆಯವರೇ,

ಮುಧೋಳದಿಂದ ಈಗಷ್ಟೇ ಬಂದೆ. ಇನ್ನೂ ಸೀರೆ ಬದಲಿಸಿಲ್ಲ. ನೀವಿದ್ದಿದ್ದರೆ ರೊಟ್ಟಿ ಬಡಿಯುತ್ತಿದ್ದ ನಿಮ್ಮ ಕೈ ಹಿಡಿದು ನಿಲ್ಲಿಸಿ ಎಲ್ಲ ಹೇಳಿಬಿಡುತ್ತಿದ್ದೆ. ಈಗ ಯಾರಿಗೆ ಹೇಳಲಿ? ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸ್ಕೂಟಿಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನ ನೆನಪಿದೆಯಾ? ನಿಮ್ಮ ಮಗ ಗೆಳೆಯನ ಮನೆಯಿಂದ ವಿಡಿಯೋ ಗೇಮಿನ ಪೆಟ್ಟಿಗೆ ತಂದು ಟಿವಿಗೆ ಜೋಡಿಸಿದರು. "ಶೋಭಾ, ಕುಂತಲ್ಲೇ ಬ್ಯಾಸರಾ ಆಗಬಾರ್ದು ನೋಡು" ಎಂದರು. ನೀವು ಬಾಗಿಲಲ್ಲಿ ನಿಂತು, "ಸೊಸಿ ಕಾಲ ಮುರಕೊಂಡ್ರ ಅತ್ತಿಗೆ ಟಿವಿ ಹೋತು. ಮಧ್ಯಾಹ್ನದ ನನ್ನ ಧಾರಾವಾಹಿ ಗತಿ ಏನಪಾ?" ಎಂದು ಗೊಣಗಿದಿರಿ. ಎರಡು ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಅವರೆಕಾಯಿ ಬಿಡಿಸುವ ನೆಪ ಮಾಡಿಕೊಂಡು ಬಂದು ಪಕ್ಕದಲ್ಲಿ ಕುಳಿತಿರಿ.

ಆಟದ ಹುಡುಗಿ ಕತ್ತಿ ಹಿರಿದು ಮಂಜಿನ ಊರೊಳಗೆ ಕಾಲಿಟ್ಟಾಗ ನಿಮ್ಮ ಕೈಯಲ್ಲಿನ ಕಾಯಿ ಕೈಯಲ್ಲೇ ಉಳಿಯಿತು. "ಯಾರಾಕಿ? ಎಲ್ಲಿಗೆ ಹೊಂಟಾಳ?" ಎಂದು ಕೇಳಿದಿರಿ. ಕಾಣೆಯಾದ ತಂಗಿಯನ್ನು ಹುಡುಕಿಕೊಂಡು ಬಂದಿದ್ದಾಳೆ, ಈ ಊರಿನಲ್ಲಿ ಕಲ್ಲಿನ ಗೊಂಬೆಗಳು ಜೀವ ಬಂದು ಎದ್ದು ಹೊಡೆಯುತ್ತವೆ, ಅಲ್ಲಲ್ಲಿ ತಂಗಿಯ ಗುರುತುಗಳು ಸಿಗುತ್ತವೆ ಎಂದೆ. ಆಮೇಲೆ ಅವರ ಇಂಗ್ಲಿಷು ಮಾತನ್ನೆಲ್ಲ ನಮ್ಮ ಮಾತಿನಲ್ಲಿ ಹೇಳುವುದೇ ನನ್ನ ಕೆಲಸವಾಯಿತು. ಹೊಡೆದಾಟ ನನ್ನದು, ಕೂಗಾಟ ನಿಮ್ಮದು. "ಹಿಂದ ನೋಡ ಬೇ, ಹಿಂದ!" ಎಂದು ನೀವು ಕಿರುಚಿದ್ದಕ್ಕೆ ಆಚೆಮನೆಯವರು ಓಡಿಬಂದಿದ್ದರಲ್ಲ! ದಾರಿ ತೋರಿಸುವ ಬಿಳಿಗಡ್ಡದ ಮುದುಕ ನನಗೆ ದೇವರಂತೆ ಕಂಡಿದ್ದ. ನಿಮಗೆ ಮೊದಲಿನಿಂದಲೂ ಅವನ ಮೇಲೆ ಸಂಶಯ. "ಆ ಮುದ್ಯಾನ್ನ ನಂಬಬ್ಯಾಡ. ಕೇಳಿದ್ದೊಂದು, ಹೇಳೂದೊಂದು" ಎನ್ನುತ್ತಿದ್ದಿರಿ.

ಗುಡ್ಡದ ಮೇಲೆ ತಂಗಿಯ ಗೋರಿ ಕಂಡ ಮಧ್ಯಾಹ್ನ ನನಗೆ ಆಡುವ ಉಮೇದೇ ಹೋಯಿತು. "ಸತ್ತಾಳ ಬಿಡ್ರಿ ಅತ್ತಿ. ಕಲ್ಲಿನ ಮ್ಯಾಲ ಹೆಸರ ಕೆತ್ಯಾರಲ್ಲ" ಎಂದೆ. ನೀವು ಟಿವಿಯಿಂದ ಕಣ್ಣು ಕೀಳದೆ, "ಹೆಣಾ ನೋಡೀಯೇನ ನೀ?" ಎಂದಿರಿ. ಆ ದನಿ ಆಟದ ಮಾತಿನ ದನಿಯಾಗಿರಲಿಲ್ಲ. ನಾನು ತಿರುಗಿ ನೋಡಿದೆ.

"ನನಗೂ ಒಬ್ಬಾಕಿ ತಂಗಿ ಅದಾಳ, ಶೋಭಾ. ನೀಲವ್ವ. ಬಟ್ಟಿ ಹೊಲಿಯಾಕ ನಮ್ಮೂರಿಗೆ ಬಂದಾಂವನ ಕೂಡ ಹೋದ್ಲು. ಬ್ಯಾರೆ ಜಾತಿಯಾಂವ. ನಮ್ಮಪ್ಪ ಆಕಿ ಸತ್ಲಂತ ತಲಿಮ್ಯಾಲ ನೀರ ಹಾಕ್ಕೊಂಡ. ಇನ್ನ ಆಕಿ ಹೆಸರ ಎತ್ತೂದಿಲ್ಲ ಅಂತ ಬೀರಪ್ಪನ ಭಂಡಾರ ಮುಟ್ಟಿಸಿ ನನ್ನ ಕಡಿಂದ ಆಣಿ ತಗೊಂಡ."

"ಈಗೆಲ್ಲಿ ಅದಾರ್ರಿ?"

"ಮುಧೋಳದಾಗ ಹೊಲಿಗಿ ಅಂಗಡಿ ಇಟ್ಟಾರಂತ ಒಮ್ಮೆ ಕಿವಿಗೆ ಬಿದ್ದಿತ್ತು. ಹ್ಯಾಂಗ ಹೋಗ್ಲಿ? ಆಣಿ ಐತಲ್ಲ." ಮಡಿಲಿನ ಅವರೆಕಾಯಿ ಪಕ್ಕಕ್ಕೆ ಸರಿಸಿ, "ಇವತ್ತ ಮುರದೆ ನೋಡು" ಎಂದಿರಿ. ಸೆರಗಿನಿಂದ ಮುಖ ಒರೆಸಿಕೊಂಡು, "ನಾಳಿ ಆ ಹುಡುಗಿನ್ನ ಹುಡುಕು ನೀ" ಎಂದು ಟಿವಿಯ ಕಡೆ ಕೈ ತೋರಿಸಿ ಎದ್ದು ಹೋದಿರಿ.

ಮರುದಿನ ಮಧ್ಯಾಹ್ನ... ಅದನ್ನು ಹೇಗೆ ಬರೆಯಲಿ? ಹುಡುಗಿ ಒಂದು ಉದ್ದನೆಯ ಹಾದಿಗೆ ಬಂದಿದ್ದಳು, ಕೊನೆಗೆ ಎರಡು ಬಾಗಿಲು. "ಅತ್ತಿ, ಎಡಕ್ಕೋ ಬಲಕ್ಕೋ?" ಎಂದೆ. ನೀವು ಮಾತಾಡಲಿಲ್ಲ. ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಿರಿ. ಕೆಲಸದ ದಣಿವು, ಮಲಗಲಿ ಎಂದು ದನಿ ಸಣ್ಣ ಮಾಡಿ ಆ ಹಾದಿಯಲ್ಲೇ ಸುಳಿದಾಡುತ್ತ ಆಡುತ್ತಲೇ ಇದ್ದೆ. ಆಗ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಎಲ್ಲ ಸದ್ದೂ ನಿಂತ ಆ ಹೊತ್ತಿನಲ್ಲಿ ನಿಮ್ಮ ಉಸಿರೂ ಕೇಳಿಸಲಿಲ್ಲ. ಹೃದಯ ನಿಂತಿದೆ, ನೋವೂ ತಿಳಿದಿರಲಿಕ್ಕಿಲ್ಲ ಎಂದರು ಡಾಕ್ಟರು. ಒಂದು ಮಾತು ಬೇಡವಾ, ಅತ್ತೆ? ಒಂದು ಸಲ ನನ್ನ ಹೆಸರು ಹಿಡಿದು ಕರೆಯಬಾರದಿತ್ತಾ?

ನಿಮ್ಮ ದಿನಕರ್ಮ ಮುಗಿದು, ನನ್ನ ಪ್ಲಾಸ್ಟರೂ ಬಿಚ್ಚಿದ ಮೇಲೆ ನಿಮ್ಮ ಮಗ ಆಟದ ಪೆಟ್ಟಿಗೆ ವಾಪಸು ಕೊಡಲು ಹೊರಟರು. ಇದು ನಿನ್ನೆಯ ಮಾತು. "ಇವತ್ತೊಂದ ದಿನಾ ಇರ್ಲಿ" ಎಂದೆ. ಟಿವಿ ಹಚ್ಚಿದರೆ ಆ ಹುಡುಗಿ ಅದೇ ಹಾದಿಯಲ್ಲಿ ನಿಂತಿದ್ದಳು. ನಾನೇ ಒಂದು ಬಾಗಿಲು ಆರಿಸಿದೆ. ಅತ್ತೆ, ಕೊನೆಗೆ ಅವಳು ಆ ಗೋರಿ ಅಗೆದಳು. ಒಳಗೆ ಏನೂ ಇರಲಿಲ್ಲ! ಕಟ್ಟಿಸಿದವನು ಆ ಮುದುಕನೇ. ತಂಗಿ ಅವನ ಕೋಟೆಯ ಮಾಳಿಗೆಯಲ್ಲಿ ಜೀವಂತ ಕುಳಿತಿದ್ದಳು. ಕೈಲಿದ್ದ ರಿಮೋಟು ಅಲ್ಲೇ ಒಗೆದು, ಮಾವನವರ ಮುಂದೆ ಹೋಗಿ ನೀಲವ್ವನ ಮಾತೆಲ್ಲ ಹೇಳಿಬಿಟ್ಟೆ. ಅವರ ಮುಖ ಬಿಳಿಚಿತು. "ಸಣ್ಣಾಕಿ ಕಾಮಾಲಿ ಆಗಿ ಸತ್ಲಂತ ನಿಮ್ಮತ್ತಿನ ಹೇಳಿದ್ಲಲ್ಲ! ನಾನೂ ಜಳಕಾ ಮಾಡಿದ್ದೆ" ಎಂದರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಅವರಿಗೂ ಬಾಯಿ ಬಿಡಲಿಲ್ಲವಾ ನೀವು?

ಇವತ್ತು ಮುಂಜಾನೆ ನಿಮ್ಮ ಮಗ, ನಾನು ಮುಧೋಳಕ್ಕೆ ಹೋದೆವು. ಎಷ್ಟು ದೂರ? ಬಸ್ಸಿನಲ್ಲಿ ಒಂದು ತಾಸಿನ ದಾರಿ. ಹೊಲಿಗೆಯವರನ್ನು ಕೇಳುತ್ತ ಕೇಳುತ್ತ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಂಗಡಿ ಸಿಕ್ಕಿತು. ಒಬ್ಬ ಹೆಂಗಸು ತಲೆ ಬಗ್ಗಿಸಿ ಕುಪ್ಪಸ ಹೊಲಿಯುತ್ತಿದ್ದಳು. ತಲೆ ಎತ್ತಿದಾಗ ನಿಮ್ಮ ಮಗನ ಹಿಡಿತ ನನ್ನ ತೋಳಿನ ಮೇಲೆ ಬಿಗಿಯಾಯಿತು. ಅದೇ ಹುಬ್ಬು, ಅದೇ ಗದ್ದ.

"ನಾವು ರಬಕವಿಯಿಂದ ಬಂದೇವ್ರಿ. ನಾ ನಿಮ್ಮ ಅಕ್ಕನ ಸೊಸಿ. ಅಕ್ಕಾರು ಮೊನ್ನೆ..." ಎನ್ನುತ್ತಿದ್ದೆ.

"ಯಾವ ಅಕ್ಕ?" ಎಂದರು ಅವರು. "ನನಗಿದ್ದಾಕಿ ಒಬ್ಬಾಕಿನ ಅಕ್ಕ. ಆಕಿ ಸತ್ತ ಭಾಳ ವರ್ಷ ಆತು."

ನಿಮ್ಮ ಮಗ ಮೊಬೈಲಿನಲ್ಲಿ ನಿಮ್ಮ ಫೋಟೋ ತೆಗೆದು ಮುಂದೆ ಹಿಡಿದರು. ಅವರು ಬಹಳ ಹೊತ್ತು ನೋಡಿದರು. "ಇದು ಯಾವಾಗಿಂದು?"

"ಈ ವರ್ಷದ ಪಂಚಮಿದು, ಚಿಗವ್ವ."

"ಹಂಗಾರ ಇಷ್ಟ ದಿನಾ ಅಕ್ಕ..." ಎಂದವರು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟುಬಿಟ್ಟರು.

ಗಲಗಲಿ ಕಡೆಯ ನಿಮ್ಮ ತವರೂರನ್ನು ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಖಾಲಿ ಮಾಡಿಸುವಾಗ ಚಿಗವ್ವ ಧೈರ್ಯ ಮಾಡಿ ಅಲ್ಲಿಗೆ ಬಂದಿದ್ದರಂತೆ, ಅತ್ತೆ. ಮನೆ ಅರ್ಧ ಬಿಚ್ಚಿತ್ತು. ನಿಮ್ಮ ಅಣ್ಣ ಬಾಗಿಲು ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರು. "'ಅಕ್ಕ ಎಲ್ಲಿ ಅಣ್ಣಾ?' ಅಂದೆ. 'ಅಕ್ಕ ಹೋದ್ಲು' ಅಂದ. ಮುಖಾ ತಿರುವಿಬಿಟ್ಟ. ನಾ ಅಲ್ಲೇ ಹೊಳ್ಯಾಗ ಮುಳುಗಿ, ಒದ್ದಿ ಸೀರಿಲೇ ಬಸ್ ಹತ್ತಿ ಬಂದೆ" ಎಂದರು. ನಿಮ್ಮ ಮಗ ಅಲ್ಲಿಂದಲೇ ಮಾವನವರಿಗೆ ಫೋನು ಮಾಡಿದರು. "ಹೌದಪಾ, ಸಾಮಾನ ಕಟ್ಟಾಕ ನಿಮ್ಮವ್ವ ಹೋಗಿದ್ಲು. ಮನಿ ಬಿಚ್ಚಿದ ದಿನಾನ ಮುಂಜಾನಿ ಬಸ್ಸಿಗೆ ತಿರುಗಿ ಬಂದ್ಲು" ಎಂದರು ಅವರು. ಊರಿಗೆ ಹೋದಳು ಎಂದರೋ, ತೀರಿಹೋದಳು ಎಂದರೋ ನಿಮ್ಮ ಅಣ್ಣ? ಅಥವಾ ಬೇಕೆಂದೇ ಹಾಗೆ... ಕೇಳೋಣವೆಂದರೆ ಅವರೂ ಇಲ್ಲ. ನಿಮ್ಮ ಸಾವನ್ನು ತಿಳಿಸಲು ಹೋದ ನಾನು, ನೀವು ಬದುಕಿದ್ದಿರಿ ಎಂಬ ಸುದ್ದಿಯನ್ನೂ ಅದೇ ಉಸಿರಿನಲ್ಲಿ ಹೇಳಬೇಕಾಯಿತು. ಯಾವುದಕ್ಕೆ ಅಳಬೇಕೋ ಆ ಜೀವಕ್ಕೆ ತಿಳಿಯಲಿಲ್ಲ.

ಅಳು ತಗ್ಗಿದ ಮೇಲೆ ಚಿಗವ್ವ ಒಳಗೆ ತಿರುಗಿ, "ಮಾಯವ್ವಾ, ನೀರ ತಗೊಂಬಾರಬೇ" ಎಂದು ಕೂಗಿದರು. ನಿಮ್ಮ ಮಗ ಕುಳಿತಲ್ಲಿಂದ ದಡಕ್ಕನೆ ಎದ್ದು ನಿಂತರು. ಸಾಲೆಯ ಯೂನಿಫಾರ್ಮಿನಲ್ಲಿದ್ದ ಹುಡುಗಿಯೊಬ್ಬಳು ತಂಬಿಗೆ ಹಿಡಿದು ಬಂದಳು. "ಅಕ್ಕ ಸತ್ಲಂತ ತಿಳಕೊಂಡ ಮ್ಯಾಲ ಹುಟ್ಟಿದಾಕಿ. ಆಕಿ ಹೆಸರನ ಇಟ್ಟೆ" ಎಂದರು ಚಿಗವ್ವ.

ಇದೇ ನಾನು ಹೇಳಬೇಕೆಂದಿದ್ದ ಸುದ್ದಿ, ಅತ್ತೆ. ಬಸ್ಸಿನವರೆಗೂ ಆ ಹುಡುಗಿ ನಮ್ಮನ್ನು ಕಳಿಸಲು ಬಂದಳು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ ನಾನು. ಬಸ್ಸು ಹೊರಟಾಗ ಕಿಟಕಿಯಿಂದ ಕೈ ಚಾಚಿ ಕೂಗಿಯೇಬಿಟ್ಟೆ: "ಮಾಯವ್ವಾ, ನಾಳಿ ನಿಮ್ಮವ್ವನ್ನ ಕರಕೊಂಡ ಮನಿಗೆ ಬಾ!"

ನಿಮ್ಮ ಶೋಭಾ