ಬಾನೆಟ್ ಕೆಳಗಿನ ವಿಭೂತಿ

ಸುಂಕದಕಟ್ಟೆ, ಶುಕ್ರವಾರ

ಏಕಾಂತಯ್ಯ ಸಾರ್‌ಗೆ ನಮಸ್ಕಾರ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಪತ್ರ. ನಿಮ್ಮ ಕಾರಿನ ಇಂಜಿನ್ ಇಳಿಸಿ, ಬಾನೆಟ್ ಕೆಳಗಿನ ಜಿಡ್ಡು ತೆಗೆದು, ಉಜ್ಜಿ, ಪ್ರೈಮರ್ ಹೊಡೆದಿದ್ದೇನೆ. ಅಂಗೈಯಗಲ ಜಾಗ ಮಾತ್ರ ಬಿಟ್ಟಿದ್ದೇನೆ. ಅಲ್ಲಿ ಆಯುಧಪೂಜೆಯ ವಿಭೂತಿ ಪಟ್ಟೆಗಳಿದ್ದವು. ಮೇಲಿನವು ನಿಮ್ಮ ಕೈಯವಿರಬೇಕು, ಗೊತ್ತಾಗದೆ ಥಿನ್ನರ್ ಬಟ್ಟೆಯಲ್ಲಿ ಒರೆಸಿಬಿಟ್ಟೆ. ಅವುಗಳ ಕೆಳಗೆ, ಹಳೇ ಜಿಡ್ಡಿಗೆ ಗಟ್ಟಿಯಾಗಿ ಅಂಟಿಕೊಂಡು, ಪುಟ್ಟ ಬೆರಳುಗಳು ಎಳೆದ ಮೂರು ಸೊಟ್ಟ ಗೆರೆಗಳು ಕಂಡವು. ನನ್ನ ಕೈ ನಿಂತುಹೋಯಿತು.

"ಮಗಳು ತೀರ್ಕೊಂಡ್ಮೇಲೆ ಈ ಗಾಡಿ ನೋಡಕ್ಕಾಗ್ತಿಲ್ಲಪ್ಪ, ಹಳೇದೇನೂ ಉಳೀಬಾರ್ದು" ಅಂದಿದ್ದಿರಿ. ಆದರೂ ಒಮ್ಮೆ ಬಂದು ನೋಡಿ ಸಾರ್. ಅಮ್ಮನವರನ್ನೂ ಕರೆತನ್ನಿ. ಧೂಳು ಬೀಳದ ಹಾಗೆ ಬಾನೆಟ್ ಮುಚ್ಚಿಟ್ಟಿದ್ದೇನೆ. ಅಳಿಸಲೇಬೇಕೆಂದರೆ ಬಟ್ಟೆ ಕೊಡುತ್ತೇನೆ, ನೀವೇ ಒರೆಸಿ.

ಇಂತಿ,
ಪೇಂಟರ್ ಮೋಹನ್ ಕುಮಾರ್