ಪಂಚಮಿಯ ಕಳ್ಳಕುಬಸ

ವಿಜಾಪುರ ರಸ್ತೆ, ಸೊಲ್ಲಾಪುರ
ತಾ. ೧೮-೧೧-೧೯೭೭, ಶುಕ್ರವಾರ

ಚಿ. ಸೌ. ನೀಲಗಂಗಾಗ,

ನಿನ್ನ ಅತ್ತಿ ಶಾರದಾಬಾಯಿ ಹರಸಿ ಬರಿಯೂದು. ನಿನ್ನ ತಬ್ಯೇತ ಹ್ಯಾಂಗದ? ಕೂಸು ಹ್ಯಾಂಗದ? ಹಾಲು ಸಾಕಾಗ್ತದೋ ಇಲ್ಲೋ? ಕುರನೂರಾಗ ಥಂಡಿ ಬಿದ್ದಿರಬೇಕು, ಕೂಸಿಗೆ ಕಿವಿ ಮುಚ್ಚೋ ಹಂಗ ಕುಲಾಯಿ ಕಟ್ಟು. ಕಿವಿ ಅಂದಕೂಡ್ಲೆ ನೀ ಪತ್ರ ಕೆಳಗಿಟ್ಟಿರಬೇಕು. ಬರಿಯೂ ಮುಂದ ನಾನೂ ಪೆನ್ನು ಕೆಳಗಿಟ್ಟೆ. ಇಲ್ಲಿ ನಾವೆಲ್ಲಾ ನೆಟ್ಟಗದೀವಿ, ನನ್ನ ಮೊಣಕಾಲೊಂದು ಬಿಟ್ರ. ಸಿದ್ರಾಮ ಊಟಕ್ಕ ಕೂತ್ರ ಮೂರು ಭಕ್ರಿ ತಿನ್ನಾಂವ ಒಂದಕ್ಕ ಏಳ್ತಾನ. ಇದನ್ನ ಓದಿ ಹಿಗ್ಗಬ್ಯಾಡ, ಗಂಡಗ ಹಸಿವಿಲ್ಲಂದ್ರ ಹಿಗ್ಗೂ ಮಾತಲ್ಲ ಅದು.

ದೀಪಾವಳಿಗಿಂತ ಮೊದಲ ಎರಡು ಪತ್ರ ಹಾಕಿದ್ದೆ. ಒಂದಕ್ಕೂ ಉತ್ತರಿಲ್ಲ. ಮುಟ್ಟಿಲ್ಲಂತ ಮಾತ್ರ ಹೇಳಬ್ಯಾಡ. ನಿಮ್ಮವ್ವ ಮುಚ್ಚಿಟ್ಟಾಳೋ, ಇಲ್ಲಾ ನೀನೇ ಓದಿ ಒಲಿಯಾಗ ಹಾಕೀಯೋ ಅಂತ ನನಗ ಸಂಶಯ. ಹೌದವಾ, ನಾ ಸಂಶಯದ ಹೆಂಗಸೇ. ಅರಿವಿ ಅಂಗಡಿಯವರ ಮನಿಯಾಗ ಮೂವತ್ತು ವರ್ಷ ಬಾಳೇವು ಮಾಡೀನಿ. ಖಣ ಮುಟ್ಟಿದ ಕೈ ನೋಡೇ ಗಿರಾಕಿ ತಗೋತಾಳೋ, ಸುಮ್ಮನ ಮಡಿಕಿ ಬಿಚ್ಚಸ್ತಾಳೋ ಹೇಳ್ತೀನಿ. ಹಿಂತಾ ನಾನು ನಿನ್ನ ಮೌನಕ್ಕ ಅರ್ಥ ಹಚ್ಚದ ಇರ್ತೀನೇನು?

ಈ ಶ್ರಾವಣದಾಗ ಆದದ್ದು ನಿನಗೂ ನೆನಪದ. ಕೂಸಿನ ಬೆನ್ನ ಹಿಂದ ನಿಂತು ಹಿತ್ತಾಳಿ ಗಂಗಾಳ ಬಡದೆ. ಕೂಸು ಹೊಳ್ಳಿ ನೋಡಲಿಲ್ಲ. ಮತ್ತ ಬಡದೆ. ಅಡಗಿ ಮನಿಯಿಂದ ನೀ ಓಡಿ ಬಂದಿ, ಅಂಗಡಿಯಿಂದ ನಿನ್ನ ಮಾವನೋರು ಬಂದ್ರು, ಕೂಸು ತನ್ನ ಕಾಲ್ಬೆರಳ ಹಿಡಕೊಂಡು ತನ್ನಷ್ಟಕ್ಕ ತಾನು ನಗಾಕತ್ತಿತ್ತು. ಹುಟ್ಟಿದಾಗೂ ಅದು ಅಂಗೈಯಷ್ಟೇ ಇತ್ತು, ಮೈತುಂಬ ಕೆಂಪು ಚುಕ್ಕಿ, ಕಾಮಣಿ ಹದಿನೈದು ದಿನ ಇಳೀಲಿಲ್ಲ. ಅದೆಲ್ಲಾ ಒಮ್ಮೆ ತೆಲಿಗೇರಿ ಬಾಯಿಗೆ ಬಂದದ್ದು ಅಂದುಬಿಟ್ಟೆ, ನಿಮ್ಮ ಮನಿತನದ ರಕ್ತದಾಗೇ ಖೋಟಿ ಅದ ಅಂತ. ಕೂಸನ್ನ ನೋಡಾಕ ಬಂದಿದ್ದ ನಿಮ್ಮವ್ವನ ಮುಂದೂ ಅಂದೆ. ಮರುದಿವಸ ನಿನ್ನ ಟ್ರಂಕು ಕಟ್ಟಿಸಿ ಅಕ್ಕಲಕೋಟಿ ಬಸ್ ಹತ್ತಿಸಿದೆ. ನೀ ಅಳಲಿಲ್ಲ. ಅಳದಿದ್ದಕ್ಕೇ ಇಕಿ ಏನೋ ಮುಚ್ಚಿಡಾಕತ್ತಾಳಂತ ನನ್ನ ಸಂಶಯ ಗಟ್ಟಿ ಆತು.

ಈಗ ನಿನ್ನ ಸಣ್ಣಮಾವ ಸಾತಲಿಂಗಪ್ಪ ಸುಮ್ಮ ಕೂಡವಲ್ಲ. ಸಿದ್ರಾಮಗ ಬ್ಯಾರೆ ಹೆಣ್ಣು ನೋಡೂಣು ಅಂತಾನ. ನಿನ್ನ ರಕ್ತದಾಗ ದೋಷ ಅದ ಅಂತ ಡಾಕ್ಟರ ಕಡಿಂದ ಒಂದು ಕಾಗದ ತಂದ್ರ, ಬರೋ ಹುಣ್ಣಿಮಿಗೆ ಹಿರಿಯರನ್ನ ಕೂಡಿಸಿ ನಿನ್ನನ್ನ ತವರಿನಾಗೇ ಬಿಡೋದು ಖಾಯಂ ಮಾಡೂಣು ಅಂದ. ಸಿದ್ರಾಮ ಅಂಗಡಿ ಕೀಲಿ ತಗೊಂಡು ಹೊರಗ ಹೋದ. ಆ ಕಾಗದ ತರಾಕ ಮೊನ್ನಿ ಬುಧವಾರ ನಾನೇ ಹೋದೆ, ನಮ್ಮ ಕೂಸಿಗೆ ಕಾಮಣಿ ಆದಾಗ ನೋಡಿದ್ದ ಆ ಡಾಕ್ಟರಬಾಯಿ ಹಂತೇಕ. ಮರಾಠಿ ಹೆಂಗಸು, ಸಣ್ಣ ವಯಸ್ಸು, ಕೊಳ್ಳಾಗ ಮಂಗಳಸೂತ್ರ ಇಲ್ಲ. ನನಗ ಆಕಿ ಮ್ಯಾಲೂ ಸಂಶಯ.

ಆಕಿ ಹಳೇ ಕಾಗದ ತಗದ್ಲು. ಆಗ ಕೂಸಿನ ಉಚ್ಚಿ, ರಕ್ತ ಮುಂಬಯಿಗೆ ಕಳಿಸಿದ್ದಳಲ್ಲ, ಅದರ ಉತ್ತರ ಬಂದು ಎಷ್ಟೋ ತಿಂಗಳಾಗ್ಯಾವಂತ, ಸಿದ್ರಾಮಗ ಎರಡು ಸಲ ನಿರೋಪ ಹೇಳಿ ಕಳಿಸಿದ್ದಳಂತ. ಆಂವ ಹೋಗಿಲ್ಲ, ಅಂಜಿರಬೇಕು. ಸೈಟೊಮೆಗಲೊ ವೈರಸ್ ಅನ್ನೋದು ಅದರ ಹೆಸರು, ಮೂರು ಸಲ ಹೇಳಿಸಿ ಚೀಟಿ ಮ್ಯಾಲೆ ಬರಕೊಂಡು ಬಂದೀನಿ. ರಕ್ತದ ದೋಷ ಅಲ್ಲಂತ, ಮನಿತನದ್ದೂ ಅಲ್ಲಂತ. ಸಣ್ಣ ಕೂಸುಗಳ ಜೊಲ್ಲಿನಾಗ, ಉಚ್ಚಿಯಾಗ ಇರ್ತದಂತ, ಆ ಕೂಸು ಮಾತ್ರ ಗುಂಡಕಲ್ಲಿನಂಗ ಆಡಿಕೋತ ಇರ್ತದಂತ. ದೊಡ್ಡವರಿಗೆ ಬಂದ್ರೂ ಒಂದಿಷ್ಟು ತಾಪ ಬಂದು ಹೋಗ್ತದ, ಬಹಳ ಮಂದಿಗೆ ಗೊತ್ತೇ ಆಗಂಗಿಲ್ಲ. ಬಸರಿಗೆ ಮೊದಲನೇ ಸಲ ತಗುಲಿದ್ರ ಮಾತ್ರ ಒಮ್ಮೊಮ್ಮೆ ಹೊಟ್ಟ್ಯಾಗಿನ ಕೂಸಿಗೆ ಇಳೀತದ, ಅದರಾಗೂ ಕೆಲವಕ್ಕ ಏನೂ ಆಗಂಗಿಲ್ಲ, ಕೆಲವಕ್ಕ ಕಿವಿ ಹೋಗ್ತಾವ. ಇಷ್ಟು ಹೇಳಿ, ಯಾರ ತಪ್ಪೂ ಅಲ್ಲ ಬಾಯಿ, ಅಂದ್ಲು. ಯಾರ ತಪ್ಪೂ ಅಲ್ಲಂದ್ರ ನಂಬಾಕ ಆಗ್ತದೇನು? ಜಗತ್ತಿನಾಗ ಯಾರದಾರ ತಪ್ಪು ಇದ್ದೇ ಇರ್ತದ.

ಆಮ್ಯಾಲೆ ನನ್ನನ್ನೇ ಚೌಕಶಿ ಮಾಡಾಕ ಹತ್ತಿದ್ಲು. ಬಸರಿದ್ದಾಗ ಸೊಸಿಗೆ ತಾಪ ಬಂದಿತ್ತೇನು? ಬಂದಿತ್ತು ಅಂದೆ, ಹ್ವಾದ ವರ್ಷ ಗಣಪತಿ ಕೂಡೋ ಹೊತ್ತಿಗೆ, ಎಂಟು ದಿನ. ಆಗ ನಾ ಅದನ್ನ ಕೆಲಸಗಳ್ಳ ತಾಪ ಅಂದಿದ್ದೆ. ಅದಕ್ಕ ಮೊದಲ ಯಾವದಾರ ಸಣ್ಣ ಕೂಸಿನ ಎಂಜಲ ತಿಂದಿದ್ಲೇನು? ನಮ್ಮ ಮನಿಯಾಗ ಸಣ್ಣ ಕೂಸೇ ಇರಲಿಲ್ಲ ಅಂದೆ. ಆಕಿ ನನ್ನ ಮಾರಿ ನೋಡಿದ್ಲು, ಬರಕೊಂಡ್ಲು. ನಾ ಕಾಗದ ಕೇಳದ ಎದ್ದು ಬಂದೆ.

ಅದಕ್ಕೇ ಈಗ ನಿನಗ ಬರಿಯಾಕತ್ತೀನಿ. ನಾವು ನಿನಗೇನು ಕಡಿಮಿ ಮಾಡಿಲ್ಲ. ಹ್ವಾದ ವರ್ಷ ಪಂಚಮಿಗೆ ನನ್ನ ಮಗಳು ಲೀಲಾ ಮಂಗಳವೇಢೆಯಿಂದ ತನ್ನ ಮಗಳು ಸೋನಾನ್ನ ಕರಕೊಂಡು ಬಂದಾಗ, ಮೂರು ತಿಂಗಳ ಬಸರಿಗೆ ಮಂದಿ ಕಣ್ಣು ಬೀಳಬಾರದಂತ ಬಾಗಲಾ ಹಾಕಿ, ಅಂಗಡಿಯ ಛಲೋ ಖಣ ತಗದು ನಿನಗ ಕಳ್ಳಕುಬಸ ಮಾಡಿದ್ವಿ. ಆ ದಿನದ್ದು ಹೆಚ್ಚಿಗಿ ಬರಿಯಾಕ ಏನಿಲ್ಲ. ಮರುವಾರ ನೀ ಕುರನೂರಿಗೆ ಹೋಗಿ ಎಂಟು ದಿನ ಇದ್ದಿ. ಅಲ್ಲಿ ಓಣಿ ತುಂಬ ಹುಡುಗರು. ಯಾವದೋ ಕೂಸಿನ ಎಂಜಲ ತಿಂದೇ ತಿಂದಿರ್ತಿ. ಹಂಗ ತಿಂದೆ ಅಂತ ಎರಡು ಸಾಲು ನಿನ್ನ ಕೈಲೆ ಬರದು, ಸಹಿ ಮಾಡಿ ಕಳಸು. ರಕ್ತದ ಮಾತು ನಾ ಬಿಡಸ್ತೀನಿ, ಹಿರಿಯರ ಮುಂದ ಅದು ತವರಿನಾಗ ಆದದ್ದು ಅಂತ ಹೇಳ್ತೀನಿ. ನೀ ಹೊಳ್ಳಿ ಬರಾಕ ಇಷ್ಟೇ ದಾರಿ. ವಿಚಾರ ಮಾಡು.

ನಿಮ್ಮಪ್ಪಗ, ನಿಮ್ಮವ್ವಗ ನನ್ನ ಶರಣು ಮುಟ್ಟಸು. ಕೂಸಿನ ಹಣಿಗೆ ವಿಭೂತಿ ಹಚ್ಚೋದು ಮರೀಬ್ಯಾಡ, ಹಚ್ಚುವಾಗ ಒಮ್ಮೆ ಅಜ್ಜಿ ಹೆಸರು ತಗೋ.

ನಿನ್ನ ಹಿತ ಬಯಸೂವಾಕಿ,
ಶಾರದಾಬಾಯಿ

ತಾ.ಕ.: ನೀಲಾ, ಪತ್ರ ಮಡಚಿ ಇಟ್ಟಿದ್ದೆ. ಈಗ ನಿಮ್ಮೂರ ಪೀರಪ್ಪ ಅಂಗಡಿಗೆ ಬಂದು ಹಸರು ಖಣ ಕೇಳಿದ. ನಿಮ್ಮಣ್ಣನ ಹೇಣ್ತಿ, ವೈನಿ ದ್ರೌಪದಿಗೆ ಮೂರು ತಿಂಗಳಂತ, ಸೋಮವಾರ ಕಳ್ಳಕುಬಸ ಅಂತ. ನಿಮ್ಮವ್ವ ಏನಂದಾಳಂತ ಆಂವ ನಕ್ಕೋತ ಹೇಳಿದ: ಶಾರದಾಬಾಯಿ ಖೋಟಿ ಅಂದ ಕೂಸನ್ನೇ ಶಾಸ್ತ್ರಕ್ಕ ದ್ರೌಪದಿ ಉಡಿಯಾಗ ಕೂಡಿಸಿ, ಅದರ ಎಂಜಲದ ಉಂಡಿನೇ ತಿನಸ್ತೀನಿ, ನಮ್ಮ ರಕ್ತ ಏನು ಅಂತ ಸೊಲ್ಲಾಪುರದವರಿಗೆ ತೋರಸ್ತೀನಿ ಅಂತ. ಬ್ಯಾಡ! ತಿನಸಬ್ಯಾಡ್ರಿ! ನಮ್ಮ ಕೂಸಿನ ಜೊಲ್ಲಿನಾಗ ಅದು ಇನ್ನೂ ವರ್ಷಾನುಗಟ್ಲೆ ಇರಬಹುದಂತ ಡಾಕ್ಟರಬಾಯಿ ಹೇಳ್ಯಾಳ. ಕೂಸನ್ನ ದೂರ ಇಡೋದು ಬ್ಯಾಡ, ದ್ರೌಪದಿ ಎತ್ತಕೊಳ್ಳಲಿ, ಆಡಸಲಿ. ಎಂಜಲ ಮಾತ್ರ ಬಾಯಿಗೆ ಹೋಗಬಾರದು, ಜೊಲ್ಲು, ಉಚ್ಚಿ ಮುಟ್ಟಿದ್ರ ಸಾಬಣ ಹಚ್ಚಿ ಕೈ ತೊಳಕೊಳ್ಳಲಿ.

ನಾ ಹೇಳಿದ್ರ ನಿಮ್ಮವ್ವ ನಂಬಂಗಿಲ್ಲ, ಅದಕ್ಕೇ ಆದದ್ದು ಬರೀತೀನಿ. ಮ್ಯಾಲೆ ತವರಿನಾಗ ಆದದ್ದಂತ ಬರದದ್ದು ಸುಳ್ಳು. ಡಾಕ್ಟರಬಾಯಿ ಎಂಜಲ ಅಂದಕೂಡ್ಲೆ ನನಗ ಎಲ್ಲಾ ಗೊತ್ತಾಗಿತ್ತು. ಪಂಚಮಿ ದಿನ ಸೋನಾನ್ನ ನಿನ್ನ ಉಡಿಯಾಗ ಕೂಡಿಸಿದಾಕಿ ನಾನು. ಆಕಿ ಕಚ್ಚಿ ಬಿಟ್ಟ ಶೇಂಗಾದ ಉಂಡಿ ಜೊಲ್ಲಿಲೆ ತೊಯ್ದಿತ್ತು. ನೀ ಮಾರಿ ಹೊಳ್ಳಿಸಿ, ಅತ್ತಿ ಬ್ಯಾಡ್ರಿ, ಅಂದಿ. ಕೂಸಿಂದೇನು ಎಂಜಲಾ ಅಂತ ನಿನ್ನ ಗದ್ದ ಹಿಡದು ನಾನೇ ಬಾಯಾಗ ಇಟ್ಟೆ. ಲೀಲಾನ ಮಗಳ ಹೆಸರು ಬರಬಾರದು, ನನ್ನ ಹೆಸರು ಬರಬಾರದು ಅಂತ ನಿನ್ನ ತವರಿನ ಮ್ಯಾಲೆ ಹೊರಸಾಕತ್ತಿದ್ದೆ.

ನಿನ್ನ ಸಹಿ ಬ್ಯಾಡವಾ. ಸಾತಲಿಂಗಪ್ಪಗ ನಾ ಹೇಳ್ತೀನಿ, ಸಿದ್ರಾಮನ್ನ ರವಿವಾರ ಮೊದಲನೇ ಬಸ್ಸಿಗೆ ಕಳಸ್ತೀನಿ. ಬರೋದು ಬಿಡೋದು ನಿನ್ನ ಮರ್ಜಿ. ಪೀರಪ್ಪ ಬಸ್ ತಪ್ತದಂತ ಅವಸರ ಮಾಡಾಕತ್ತಾನ, ಅವನ ಕೈಯಾಗೇ ಕೊಡ್ತೀನಿ. ಇದನ್ನ ಒಲಿಯಾಗ ಹಾಕಬ್ಯಾಡ. ನಿಮ್ಮವ್ವಗ ಓದಾಕ ಬರಂಗಿಲ್ಲ, ದ್ರೌಪದಿನ್ನ ಬಾಜೂಕ ಕೂಡಿಸಿಕೊಂಡು ಜೋರಿಲೆ ಓದಿ ಹೇಳು. ನಾ ನಿನ್ನ ಗದ್ದ ಹಿಡದದ್ದನ್ನೂ ಓದು, ಬಿಡಬ್ಯಾಡ.