ನಿಮ್ಮ ಪಾಲಿನ ಮೂರು ಸುತ್ತು

ರೀ, ನರಸೀಪುರದ ಬಸ್ಸಿಗೆ ಹೊರಟೆ, ಮೊದಲನೇ ಪೀರಿಯಡ್ಡೇ ನನ್ನದು.

ಎಚ್ಚರವಾದ ಕೂಡಲೇ ಎದ್ದು ನಿಲ್ಲಬೇಡಿ. ಹಾಸಿಗೆ ಮೇಲೇ ಸ್ವಲ್ಪ ಹೊತ್ತು ಕೂತಿದ್ದು, ಗೋಡೆ ಹಿಡಿದು ಏಳಿ.

ಈ ತಲೆಸುತ್ತು ಪಿತ್ತದ್ದಲ್ಲ, ಕಿವಿಯೊಳಗಿನ ತೊಂದರೆ ಅಂತ ಡಾಕ್ಟರು ಹೇಳಿಯಾಯಿತು. ಪೂಜೆ ಆಗಲಿ ಅಂತ ಕಾಯದೆ ಮಾತ್ರೆ ನುಂಗಿ.

ಕಪಿಲೆಗೆ ಖಂಡಿತ ಇಳಿಯಬೇಡಿ. ಹಂಡೆಯಲ್ಲಿ ಬಿಸಿನೀರಿದೆ, ಮಣೆ ಮೇಲೆ ಕೂತೇ ಸ್ನಾನ ಮಾಡಿ.

ಪೂಜೆಯ ಕೊನೆಗೆ ನಿಂತಲ್ಲೇ ಸುತ್ತುವ ಪ್ರದಕ್ಷಿಣೆ ಮಾತ್ರ ಬೇಡ. ಸೋಮವಾರ ಅದರಲ್ಲೇ ದೀಪದ ಮೇಲೆ ಬಿದ್ದಿರಿ. ನಾನೋ, ‘ಉಪವಾಸ ಬೇಡ ಅಂದ್ರೆ ಕೇಳಲ್ಲ’ ಅಂತ ರೇಗಿದೆ.

ನಿಮ್ಮ ಪಾಲಿನ ಮೂರು ಸುತ್ತನ್ನು ಬೆಳಿಗ್ಗೆ ನಾನೇ ಸುತ್ತಿದೆ, ಬಸ್ಸಿನ ಆತುರದಲ್ಲಿ ಬೇಗ ಬೇಗ. ನಾನು ನಿಂತರೂ ದೇವರ ಮಂಟಪ ನಿಲ್ಲಲಿಲ್ಲ. ಕಂಬ ತಬ್ಬಿಕೊಂಡೆ.

ಮೂರು ತಿಂಗಳಿಂದ ನೀವು ಹೇಳುತ್ತಿದ್ದದ್ದು ಇದನ್ನೇನಾ?